ಪೆಟ್ಟಿಗೆಯ ತಳದಲ್ಲಿರುವ ಚರಿತ್ರೆ

ಮಡಿಕೇರಿಯ ಚರಿತ್ರೆ ಎಂದೊಡನೆ ಕೋಟೆ ಕಣ್ಣಮುಂದೆ ಬರುತ್ತದೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಈ ಊರಿಗೆ ಜಾಫರಾಬಾದ್ ಎಂಬ ಹೆಸರಿತ್ತು. 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಅರಮನೆ ಕಟ್ಟಿಸಿದ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡರು. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಅದೇ ವರ್ಷಗಳಲ್ಲಿ ನಮ್ಮ ಹಿರಿಯರು ಏನು ಉಟ್ಟಿದ್ದರು, ಏನು ಉಂಡಿದ್ದರು, ಇಲ್ಲಿನ ಮಳೆಯನ್ನು ಹೇಗೆ ಕಳೆದರು ಎಂದು ಕೇಳಿದರೆ ಮನೆಯ ದೊಡ್ಡವರೂ ಸುಮ್ಮನಾಗುತ್ತಾರೆ.

ಪಾದ್ರಿ ರಿಕ್ಟರ್ ಕೊಡಗಿನ ಬಗ್ಗೆ ಬರೆದ ಗ್ರಂಥ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅನಂತರ ಗೆಜೆಟಿಯರುಗಳು, ಜನಗಣತಿ ವರದಿಗಳು ಬಂದವು. ಇವುಗಳಲ್ಲಿ ನಾಡಿನ ಒಟ್ಟು ಚಿತ್ರ ಸಿಗುತ್ತದೆ, ನಮ್ಮ ಮನೆಯ ಚಿತ್ರ ಸಿಗುವುದಿಲ್ಲ. ಅದನ್ನು ಮನೆಯಲ್ಲೇ ಹುಡುಕಬೇಕು.

ಮೊದಲು ಭೂಮಿಯ ಕಾಗದ. ಜಮ್ಮಾ ಹಿಡುವಳಿ ಇದ್ದ ಕುಟುಂಬಗಳ ದಾಖಲೆಯಲ್ಲಿ ಗದ್ದೆಯ ಜೊತೆ ಬಾಣೆಯೂ ಇರುತ್ತದೆ. ಸೌದೆಗೆ, ಸೊಪ್ಪುಗೊಬ್ಬರಕ್ಕೆ, ದನ ಮೇಯಿಸಲು ಬಿಟ್ಟ ಕಾಡುಭೂಮಿ ಅದು. ಅಂದರೆ ಆ ಮನೆಯಲ್ಲಿ ದನವಿತ್ತು, ಭತ್ತ ಬೆಳೆಯುತ್ತಿದ್ದರು ಎಂದು ಆ ಕಾಗದವೇ ಹೇಳುತ್ತದೆ. ಕೊಡವ ಮಾಪಿಳ್ಳೆ ಕುಟುಂಬಗಳಲ್ಲಿ ಒಕ್ಕದ ಹೆಸರು ಇಂದಿಗೂ ಉಳಿದಿದೆ. ಆ ಹೆಸರೇ ಹುಡುಕಾಟದ ಮೊದಲ ಸುಳಿವು. ಭೂಮಿಯಿಲ್ಲದವರ ಜಾಡು ಘಟ್ಟದ ದಾರಿಯಲ್ಲಿದೆ. ಪೆರುಂಬಾಡಿ ಘಟ್ಟದಲ್ಲಿ ಕೊಡಗಿನ ಅಕ್ಕಿ ಮಲಬಾರಿಗೆ ಇಳಿಯುತ್ತಿತ್ತು, ಕರಾವಳಿಯ ಉಪ್ಪು ಮೇಲೆ ಬರುತ್ತಿತ್ತು. 1854ರಲ್ಲಿ ಮಡಿಕೇರಿ ಬಳಿ ಫೌಲರ್ ಎಂಬಾತ ಕಾಫಿ ತೋಟ ಆರಂಭಿಸಿದ ಮೇಲೆ ಕೂಲಿಗಾಗಿ, ವ್ಯಾಪಾರಕ್ಕಾಗಿ ಘಟ್ಟ ಹತ್ತಿದವರು ಇನ್ನೂ ಹೆಚ್ಚಿದರು.

ಇನ್ನು ಬಟ್ಟೆ. ಸಂಬಂಧಿಕರೊಬ್ಬರ ಮನೆಯಲ್ಲಿ ಹಳೆಯ ಪೆಟ್ಟಿಗೆ ತೆರೆದಾಗ ಬಣ್ಣದ ಅಂಚಿನ ಕಪ್ಪು ಬಟ್ಟೆಯೊಂದು ಸಿಕ್ಕಿತು. ಕಾಲೇಜಿಗೆ ಹೋಗುವ ಮೊಮ್ಮಗಳು, "ಇದು ಕಿಟಕಿ ಪರದೆಯಾ ಉಮ್ಮಾಮ?" ಎಂದು ಕೇಳಿದಳು. ಅಜ್ಜಿ ನಕ್ಕು, "ನನ್ನ ಉಮ್ಮ ಉಡುತ್ತಿದ್ದ ಕಾಚಿ ಮಗಳೇ" ಎಂದರು. ಸೊಂಟಕ್ಕೆ ಕಾಚಿ, ಮೇಲೆ ಉದ್ದ ತೋಳಿನ ಬಿಳಿ ಕುಪ್ಪಾಯ, ತಲೆಗೆ ತಟ್ಟ, ಸೊಂಟದಲ್ಲಿ ಬೆಳ್ಳಿಯ ಪಟ್ಟಿ: ಮಾಪಿಳ್ಳೆ ಮಹಿಳೆಯರ ಉಡುಪು ಹೀಗಿತ್ತು. ಬ್ಯಾರಿ ಮನೆಗಳಲ್ಲಿ ತುಣಿ, ಕುಪ್ಪಾಯ, ಎಲಸರ. ಕಿವಿಯ ಅಂಚಿನುದ್ದಕ್ಕೂ ಚುಚ್ಚಿಸಿ ಅಲಿಕತ್ತು ತೊಡುತ್ತಿದ್ದರು. ಮೈ ಮುಚ್ಚುವ ಮರ್ಯಾದೆಗೂ ಊರಿನ ರೂಢಿಗೂ ಒಂದೇ ಉಡುಪಿನಲ್ಲಿ ಜಾಗವಿತ್ತು. ಇಂದಿನ ನಮ್ಮ ಉಡುಪನ್ನೇ ಅವರ ಕಾಲಕ್ಕೂ ತೊಡಿಸಿ ಊಹಿಸಿಕೊಂಡರೆ ನಿಜವಾದ ಅಜ್ಜಿ ಕಾಣುವುದೇ ಇಲ್ಲ.

ಬಟ್ಟೆ ಸಿಕ್ಕರೆ ಅಂಚನ್ನು ನೋಡಿ, ಕೈಹೊಲಿಗೆಯೋ ಮಿಷನ್ ಹೊಲಿಗೆಯೋ ಎಂದು. ತೇಪೆ ಇದ್ದರೆ ಕಿತ್ತೆಸೆಯಬೇಡಿ, ಆ ಮನೆಯ ಕಷ್ಟದ ಲೆಕ್ಕ ಅಲ್ಲಿದೆ. ಫೋಟೋ ಸಿಕ್ಕರೆ ಒಂದು ಎಚ್ಚರ ಬೇಕು. ಸ್ಟುಡಿಯೋದಲ್ಲಿ ನಿಂತವರು ಇದ್ದುದರಲ್ಲಿ ಒಳ್ಳೆಯದನ್ನೇ ತೊಟ್ಟಿರುತ್ತಾರೆ, ಕೋಟು ಎರವಲಿನದೂ ಆಗಿರಬಹುದು. ದಿನದ ಬದುಕು ಬೇರೆಯೇ. ಮಳೆಗೆ ಕಂಬಳಿ ಅಥವಾ ಗೊರಬು, ಬರಿಗಾಲು, ಒಲೆಯ ಮೇಲೆ ಒಣಗಿಸಿದ ಹೊಗೆವಾಸನೆಯ ಬಟ್ಟೆ. ಇದು ಯಾವ ಫೋಟೋದಲ್ಲೂ ಇಲ್ಲ, ಕೇಳಿಯೇ ತಿಳಿಯಬೇಕು.

ಕಾಗದದ ವಿಷಯದಲ್ಲಿ ನಾವು ಒಂದು ತಪ್ಪು ಮಾಡುತ್ತಿದ್ದೇವೆ. ಅರಬಿ ಅಕ್ಷರವಿರುವ ಹರಿದ ಹಾಳೆ ಕಂಡರೆ ಗೌರವದಿಂದ ಮಣ್ಣು ಮಾಡುತ್ತೇವೆ. ಅದರಲ್ಲಿ ಎಷ್ಟೋ ಅರಬಿ-ಮಲಯಾಳದವು, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳ. ಮಾಲೆ ಹಾಡುಗಳ ಪುಸ್ತಕವಿರಬಹುದು, ಅಂಗಡಿಯ ಸಾಲದ ಲೆಕ್ಕವಿರಬಹುದು, ಮಗಳಿಗೆ ತಂದೆ ಬರೆದ ಪತ್ರವಿರಬಹುದು. ಮಣ್ಣು ಮಾಡುವ ಮೊದಲು ಓದಬಲ್ಲ ಒಬ್ಬ ಉಸ್ತಾದರಿಗೆ ತೋರಿಸಿ.

ಇದು ನಿಧಾನವಾಗಿ ಮಾಡಬಹುದಾದ ಕೆಲಸವಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಕುಸಿದಾಗ ಮನೆಗಳೊಂದಿಗೆ ಪೆಟ್ಟಿಗೆಗಳೂ ಮಣ್ಣುಪಾಲಾದವು. ಮನೆಯನ್ನು ಮತ್ತೆ ಕಟ್ಟಬಹುದು, ಅಜ್ಜನ ಒಂದೇ ಒಂದು ಫೋಟೋವನ್ನು ಮತ್ತೆ ತರಲಾಗದು.

ಇನ್ನೊಂದು ಮಾತು. ಹುಡುಕಲು ಹೊರಟವರು ತಮ್ಮ ವಂಶದಲ್ಲಿ ಸಿಪಾಯಿಯನ್ನೋ ಸೇನಾಪತಿಯನ್ನೋ ಅರಸುತ್ತಾರೆ. ಉಪ್ಪಿನ ಮೂಟೆ ಹೊತ್ತವರು, ತೋಟದ ಕೂಲಿಯವರು ಸಿಕ್ಕರೆ ಹೇಳಲು ಹಿಂಜರಿಯುತ್ತಾರೆ. ರಕ್ತಸಂಬಂಧ ಜೋಡಿಸಿಕೊಳ್ಳಲು ಬೇಕಾಗುವಷ್ಟು ವಂಶದ ಅರಿವು ಇರಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮೆರೆಯುವುದಕ್ಕಲ್ಲ. ಹಲಾಲ್ ದುಡಿಮೆಯಿಂದ ಮಕ್ಕಳನ್ನು ಸಾಕಿದ ಹಮಾಲಿ ನಾಚಿಕೆಪಡುವಂಥ ಅಜ್ಜನಲ್ಲ.

ಈ ಶುಕ್ರವಾರ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಕುಳಿತು ಮೂರು ಪ್ರಶ್ನೆ ಕೇಳಿ: ನಿಮ್ಮ ಉಮ್ಮ ಏನು ಉಡುತ್ತಿದ್ದರು? ಮಳೆಗಾಲದಲ್ಲಿ ಏನು ಉಣ್ಣುತ್ತಿದ್ದಿರಿ? ಈ ಊರಿಗೆ ಮೊದಲು ಬಂದವರು ಯಾರು, ಯಾವ ದಾರಿಯಲ್ಲಿ? ಉತ್ತರವನ್ನು ಅವರ ಮಾತಿನಲ್ಲೇ ಬರೆದು ದಿನಾಂಕ ಹಾಕಿ. ಗೋಡೆಯ ಫೋಟೋ ಇಳಿಸಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಅವರೆಲ್ಲರ ಹೆಸರು ಬರೆದಿಡಿ. ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಇದನ್ನು ಮಾಡಿ.