ಎಣ್ಣೆ ಮೆತ್ತಿದ ಮರಳು

ಕಾರವಾರದ ಎದುರಿಗಿರುವ ದೇವಗಡ ದ್ವೀಪದ ಬಳಿ, 2006ರ ಮೇ 30ರಂದು, ಮುಂಗಾರಿನ ಅಬ್ಬರಕ್ಕೆ ಸಿಲುಕಿದ ‘ಓಷನ್ ಸೆರಾಯಾ’ ಹಡಗು ಬಂಡೆಗೆ ಕಚ್ಚಿಕೊಂಡಿತು. ಅದರ ಇಂಧನ ತೈಲ ಸೋರಿ ಗೋವಾದ ದಂಡೆಗಳಿಗೂ ಹರಡಿತು.

ಇಂಥ ದಂಡೆಗೆ ಭಾರೀ ಯಂತ್ರಗಳನ್ನು ಕಣ್ಣುಮುಚ್ಚಿ ಇಳಿಸಿದರೆ ಕೆಲಸ ಕೆಡುತ್ತದೆ. ಚಕ್ರಗಳು ಎಣ್ಣೆಯನ್ನು ಮರಳಿನಾಳಕ್ಕೆ ತುಳಿಯುತ್ತವೆ. ಗಟ್ಟಿ ಮರಳಿನಲ್ಲಿ ಗ್ರೇಡರ್ ಮೇಲ್ಪದರವನ್ನಷ್ಟೇ ಕೆರೆದು ಸಾಲುಗಟ್ಟಿಸುತ್ತದೆ, ಲೋಡರ್ ಎತ್ತಿಕೊಳ್ಳುತ್ತದೆ. ಮಡುಗಟ್ಟಿದ ಎಣ್ಣೆಗೆ ಹೀರು ಪಂಪು. ಎಣ್ಣೆ ಹೆಪ್ಪುಗಟ್ಟಿದ ಡಾಂಬರುಂಡೆಗಳನ್ನು ಸೋಸಲು ಅದುರುವ ಜರಡಿಯ ಯಂತ್ರವಿದೆ, ಅದೂ ತಂಪು ಹೊತ್ತಿನಲ್ಲಿ: ಬಿಸಿಲೇರಿದರೆ ಉಂಡೆಗಳು ಮೆತ್ತಗಾಗಿ ಜರಡಿಗೇ ಅಂಟುತ್ತವೆ. ಬಂಡೆಗಳ ಸಂದಿಗೆ ಮಾತ್ರ ಇವ್ಯಾವುವೂ ನುಗ್ಗವು. ಅಲ್ಲಿ ಸಲಿಕೆ, ಬಕೆಟ್ಟೇ ಗತಿ. 2017ರಲ್ಲಿ ಚೆನ್ನೈನ ಎಣ್ಣೂರು ತೀರದಲ್ಲಿ ಎಣ್ಣೆ ಸೋರಿದಾಗಲೂ ಹೆಚ್ಚಾಗಿ ದುಡಿದದ್ದು ಬಕೆಟ್ಟು ಹಿಡಿದ ಕೈಗಳೇ.