ಹರಿಗೋಲಿನ ನಾಖುದಾ

ಉರ್ದು ಶಾಲೆಯ ಪಾಠವೊಂದರಲ್ಲಿ ನಮಗೆ ‘ನಾಖುದಾ’ ಎಂಬ ಪದ ಸಿಕ್ಕಿತ್ತು. ಪಾರಸಿಯಿಂದ ಬಂದ ಮಾತು. ಹಡಗಿನ ಒಡೆಯ, ಹಡಗು ನಡೆಸುವವನು ಎಂದು ಮಾಸ್ತರರು ಅರ್ಥ ಹೇಳಿದ್ದರು. ಹುಣಸೂರಿನ ಹುಡುಗರಾದ ನಮಗೆ ಹಡಗೆಲ್ಲಿಂದ ಬರಬೇಕು? ನಾವು ಕಂಡದ್ದು ಲಕ್ಷ್ಮಣತೀರ್ಥ, ಅದೂ ಬೇಸಿಗೆಯಲ್ಲಿ ಮೊಣಕಾಲಷ್ಟು ನೀರು. ಮುಂದೆ ಕನ್ನಡ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಬಂದಾಗ ಎರಡೂ ಪದಗಳು ನಮ್ಮ ತಲೆಯೊಳಗೆ ಅಕ್ಕಪಕ್ಕ ಕೂತವು. ನಮ್ಮ ಸೀಮೆಯ ನಾಖುದಾ ಅಂದರೆ ಹರಿಗೋಲಿನ ಅಂಬಿಗನೇ.

ಪಿರಿಯಾಪಟ್ಟಣದ ಅಂಚಿನಲ್ಲಿ ಕಾವೇರಿ ಕೊಡಗಿನ ಗಡಿಯಾಗಿ ಹರಿಯುತ್ತಾಳೆ. ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕಿ ಕನ್ನಂಬಾಡಿಯ ಹಿನ್ನೀರಿಗೆ ಸೇರುತ್ತಾಳೆ. ಹೆಗ್ಗಡದೇವನಕೋಟೆಯದು ಕಪಿಲೆ, ಅಂದರೆ ಕಬಿನಿ. ಸೇತುವೆಗಳು ಬರುವ ಮೊದಲು ಈ ಹೊಳೆಗಳನ್ನು ದಾಟಿಸುತ್ತಿದ್ದುದು ಬಿದಿರ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಹರಿಗೋಲು. ಚರ್ಮದ ಜಾಗಕ್ಕೆ ಆಮೇಲೆ ಪ್ಲಾಸ್ಟಿಕ್ ಹಾಳೆಯೂ ಟಾರೂ ಬಂದವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯಲ್ಲಿ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರಂತೆ, ನೇರ ಹೋಗಲಾರದೆ ಸುತ್ತುತ್ತಲೇ ಸಾಗುತ್ತದಂತೆ. 1803ರಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯವನ್ನು ಹೊಳೆ ದಾಟಿಸಲು ಇಂಥ ಬುಟ್ಟಿದೋಣಿಗಳನ್ನೇ ಸಜ್ಜು ಮಾಡಿಸಿದ.

ಬಾಡಿಗೆಗೆ ದೋಣಿ ನಡೆಸಿ ಮೀನು ಹಿಡಿಸುವ ಕಸುಬು ನಮ್ಮಲ್ಲಿ ಹುಟ್ಟಿದ್ದು ಈ ಹರಿಗೋಲಿನ ಜೊತೆಗೇ. ದೊರೆಗಳ ಕಣ್ಣು ಬಿದ್ದದ್ದು ನಮ್ಮ ಬೆಸ್ತರು ಬಿಳಿಮೀನು ಎನ್ನುವ ಮಹಶೀರ್ ಮೇಲೆ. ಎಚ್.ಎಸ್. ಥಾಮಸ್ 1873ರಲ್ಲೇ ಭಾರತದ ಗಾಳದ ಬೇಟೆಯ ಬಗ್ಗೆ ಪುಸ್ತಕ ಬರೆದ. ಕಾವೇರಿಯಲ್ಲಿ 1919ರಲ್ಲಿ ರಿವೆಟ್-ಕಾರ್ನಾಕ್ 119 ಪೌಂಡಿನ ಮೀನು ಹಿಡಿದ, 1921ರಲ್ಲಿ ಮರ್ರೆ-ಐನ್ಸ್ಲಿ 104 ಪೌಂಡಿನದು. 1946ರ ಮಾರ್ಚ್‌ನಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮೀನನ್ನು ದಡಕ್ಕೆ ತಂದ. ಹೆಚ್ಚುಕಡಿಮೆ 54 ಕಿಲೋ. ಸತ್ತ ಹುಲಿ ಚಿರತೆಗಳಿಗೆ ಜೀವಕಳೆ ಕೊಡುತ್ತಿದ್ದ ಮನೆತನ ಅದು. ದಾಖಲೆಯಲ್ಲಿ ಮೀನಿನ ತೂಕವಿದೆ, ಹೊಳೆಯ ಹೆಸರಿದೆ, ತಾರೀಖಿದೆ, ಗಾಳ ಹಿಡಿದವರ ಹೆಸರಿದೆ. ಹುಟ್ಟು ಹಿಡಿದವನ ಹೆಸರಿಗೆ ಇಂಥ ಪಟ್ಟಿಗಳಲ್ಲಿ ಕಾಲಮ್ಮೇ ಇಲ್ಲ.

ಆದರೆ ಅವನಿಲ್ಲದೆ ಮೀನು ಬರುವುದು ಸುಲಭವಲ್ಲ. ರಾಗಿ ಹಿಟ್ಟಿಗೆ ಮಸಾಲೆ ಬೆರೆಸಿ ಬೇಯಿಸಿ ಉಂಡೆ ಕಟ್ಟುವವನು ಅವನು. ನಮ್ಮ ಮುದ್ದೆಯೇ ಬಿಳಿಮೀನಿಗೂ ಪ್ರಿಯ! ಯಾವ ಮಡುವಿನಲ್ಲಿ ಮೀನು ನಿಂತಿದೆ, ಯಾವ ಸುಳಿ ಹರಿಗೋಲನ್ನು ನುಂಗುತ್ತದೆ ಎಂಬುದೂ ಅವನಿಗೇ ಗೊತ್ತು. ಗಾಳ ನುಂಗಿದ ಮೀನು ನಿಲ್ಲುವುದಿಲ್ಲ, ಸೆಳವಿನ ಜೊತೆ ಓಡಿ ನೂಲನ್ನು ಬಂಡೆಗೆ ಸಿಕ್ಕಿಸುತ್ತದೆ. ಆಗ ಸಾಹೇಬರನ್ನು ಕೂರಿಸಿಕೊಂಡು ಒಂದೇ ಹುಟ್ಟಿನಲ್ಲಿ ಆ ಬಂಡೆಯ ಮೇಲ್ಭಾಗಕ್ಕೆ ಹೋಗಿ ನೂಲು ಬಿಡಿಸಬೇಕು. ಹರಿಗೋಲು ತಿರುಗುತ್ತದೆ, ಸಾಹೇಬರ ತಲೆಯೂ ತಿರುಗುತ್ತದೆ, ಅಂಬಿಗ ಮಾತ್ರ ನೀರು ನೋಡುತ್ತಿರುತ್ತಾನೆ.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ನಮ್ಮ ಗದ್ದೆಗಳಿಗೆ ನೀರು ಕೊಟ್ಟವು. ಅದನ್ನು ಉಂಡವರು ಅಣೆಕಟ್ಟನ್ನು ಬರಿದೇ ಬೈಯಲಾರೆವು. ಆದರೆ ಬಿಳಿಮೀನು ಹರಿವ ನೀರಿನದು, ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹೋಗಬೇಕಾದದ್ದು. ಅದಕ್ಕೆ ಗೋಡೆ ಅಡ್ಡ ಬಂತು. 1897ರ ಮೀನುಗಾರಿಕೆ ಕಾಯ್ದೆ ತೋಟೆ ಸಿಡಿಸುವುದನ್ನೂ ವಿಷ ಹಾಕುವುದನ್ನೂ ನಿಷೇಧಿಸಿತ್ತಾದರೂ ಹೊಳೆಯ ಸದ್ದು ನಿಲ್ಲಲಿಲ್ಲ.

ಆಮೇಲಿನ ಕಥೆ ಇದೇ ಕಾವೇರಿಯ ಕೆಳದಂಡೆಯದು. ಕನ್ನಂಬಾಡಿ ದಾಟಿ, ಶಿವನಸಮುದ್ರ ಇಳಿದ ಮೇಲೆ ಸಿಗುವ ಭೀಮೇಶ್ವರಿ, ಗಾಳಿಬೋರೆಯ ಕಾಡುಮಡುಗಳದು. 1977-78ರಲ್ಲಿ ಇಂಗ್ಲೆಂಡಿನ ಯುವಕರ ಚಿಕ್ಕ ತಂಡವೊಂದು ಬಂದು, ಮುಗಿದೇಹೋಯಿತೆಂದು ಹಲವರು ತಿಳಿದಿದ್ದ ದೊಡ್ಡ ಮೀನು ಇನ್ನೂ ಇದೆಯೆಂದು ತೋರಿಸಿತು. ಕಬಿನಿ ದಂಡೆಯ ಕಾರಾಪುರದಲ್ಲಿ ವಸತಿಗೃಹ ನಡೆಸುವ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೇ ಅಲ್ಲಿ ಮೀನು ಶಿಬಿರಗಳನ್ನು ತೆರೆಯಿತು. ತೋಟೆ ಎಸೆಯುತ್ತಿದ್ದವರಲ್ಲಿ ಕೆಲವರು ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ನಿಯಮ ಒಂದೇ: ಹಿಡಿ, ತೂಗು, ಬಿಡು. ಬಿಡುವುದೂ ಅಂಬಿಗನ ಕೆಲಸ. ಸೊಂಟದುದ್ದ ನೀರಿನಲ್ಲಿ ನಿಂತು, ದಣಿದ ಮೀನನ್ನು ಸೆಳವಿಗೆ ಮುಖ ಮಾಡಿ ಹಿಡಿದು, ಅದು ತಾನಾಗಿ ಕೈ ಬಿಡಿಸಿಕೊಂಡು ಹೋಗುವ ತನಕ ಕಾಯಬೇಕು. ಚಳಿಗಾಲ, ಬೇಸಿಗೆಯ ಕೆಲವು ತಿಂಗಳ ಸಂಬಳ; ಹೊಳೆ ಕೆಂಪಾದರೆ ಮತ್ತೆ ಹೊಲ, ಕೂಲಿ.

ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನು. ವಿಜ್ಞಾನಿಗಳು ಆ ಪುಸ್ತಕಗಳನ್ನು ತೆರೆದಾಗ ತಿಳಿದದ್ದು ಏನು? ಹೊರಗಿನಿಂದ ಮರಿ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅಳಿಯುತ್ತಿದೆ. ಅಷ್ಟರಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾಗಿ ಶಿಬಿರಗಳ ಗಾಳಗಳು ನಿಂತಿದ್ದವು. ಕಾನೂನಿನ ಮಾತು ತಪ್ಪೆನ್ನಲು ನಮಗೆ ಧೈರ್ಯವಿಲ್ಲ. ಆದರೆ ಹೊಳೆಯನ್ನು ದಿನವೂ ನೋಡುತ್ತಿದ್ದ ಕಣ್ಣುಗಳನ್ನು ಮನೆಗೆ ಕಳಿಸಿದೆವು. ಲೆಕ್ಕವೂ ಅಲ್ಲಿಗೇ ನಿಂತಿತು.

ಕಬಿನಿ ಹಿನ್ನೀರಿನಲ್ಲಿ ಈಗ ಮೋಟಾರು ದೋಣಿಯ ಚಾಲಕ ಪ್ರವಾಸಿಗರಿಗೆ ಆನೆ ತೋರಿಸುತ್ತಾನೆ. ಪ್ರವಾಸಿಗರು ಕ್ಯಾಮೆರಾದೊಳಗೆ ನೋಡುತ್ತಾರೆ, ಅವನು ನೀರು ನೋಡುತ್ತಾನೆ.

ಇನ್ನೊಂದು ಸಂಗತಿ. ನೂರು ವರ್ಷಕ್ಕೂ ಮೀರಿ ಗಾಳಕ್ಕೆ ಸಿಕ್ಕ ಆ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಖಚಿತ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದರದೂ ಎಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೊಳೆದಂಡೆಯವರು ಅಷ್ಟೂ ಕಾಲ ಅದನ್ನು ಬಿಳಿಮೀನು ಎಂದೇ ಕರೆಯುತ್ತಿದ್ದರು.