ಕರೋಹಟ್ಟಿಯ ಹುಡುಗ ಸಾಬು

ನಮ್ಮ ತುರ್ವಿಹಾಳದ ಕಡೆ ದಸ್ತಗೀರ ಎಂಬ ಹೆಸರು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಅಷ್ಟು ಬಳಕೆಯ ಹೆಸರು. ಹಾಗಾಗಿ ಇಂಗ್ಲಿಷಿನ ಸಿನಿಮಾ ಕೋಶಗಳಲ್ಲಿ ‘ಸಾಬು ದಸ್ತಗೀರ್’ ಎಂದು ಓದಿದಾಗ ನನಗೆ ಪರಿಚಯದವರ ಮನೆಯ ಹುಡುಗನೇ ಇರಬೇಕು ಅನ್ನಿಸಿತ್ತು. ನಿಜದಲ್ಲಿ ದಸ್ತಗೀರ್ ಅವನ ಅಣ್ಣನ ಹೆಸರು. ತೆರೆಯ ಮೇಲೆ ತಮ್ಮನಿಗೆ ಇದ್ದದ್ದು ‘ಸಾಬು’ ಎಂಬ ಎರಡೇ ಅಕ್ಷರ.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಾವುತ. ಚಿಕ್ಕಂದಿನಲ್ಲೇ ತಾಯಿ, ಆಮೇಲೆ ತಂದೆಯೂ ತೀರಿಕೊಂಡ ಮೇಲೆ ಹುಡುಗ ಬೆಳೆದದ್ದು ಅರಮನೆಯ ಆನೆ ಕರೋಹಟ್ಟಿಯ ಆಸರೆಯಲ್ಲಿ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಕ್ಯಾಮೆರಾ ಹೊತ್ತು ಮೈಸೂರಿಗೆ ಬಂದರು. 1922ರ ‘ನ್ಯಾನೂಕ್ ಆಫ್ ದ ನಾರ್ತ್’ ಮಾಡಿ ಹೆಸರಾದವರು. ನಟರಲ್ಲದವರನ್ನು ಅವರ ನೆಲದಲ್ಲೇ ಚಿತ್ರಿಸುವುದು ಅವರ ರೀತಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗೆ ಕಿಪ್ಲಿಂಗನ ‘ತೂಮಾಯ್ ಆಫ್ ದ ಎಲಿಫೆಂಟ್ಸ್’ ಕಥೆ ಕೊಟ್ಟಿದ್ದರು. ಕಿಪ್ಲಿಂಗ್ ಆ ಕಥೆಯನ್ನು ನಡೆಸಿದ್ದು ಗಾರೋ ಬೆಟ್ಟಗಳಲ್ಲಿ. ಸಿನಿಮಾ ಅದನ್ನು ಕಾಕನಕೋಟೆಯ ಕಾಡಿಗೆ ಎತ್ತಿ ತಂದಿತು. ಮಹಾರಾಜರ ಆನೆಗಳು ಸಿಕ್ಕವು, ಖೆಡ್ಡಾ ನೋಡಲು ಸಿಕ್ಕಿತು, ಐರಾವತ ಎಂಬ ಆನೆ ಕಥೆಯ ಕಾಳಾನಾಗ್ ಆಯಿತು. ತೂಮಾಯ್ ಆಗಲು ಹುಡುಗ ಬೇಕಿತ್ತು. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಸಾಬು ಬಿದ್ದ.

ಆ ಹೊತ್ತಿಗೆ ಕನ್ನಡ ಟಾಕಿಗೆ ಒಂದೇ ವರ್ಷ ವಯಸ್ಸು. 1934ರ ‘ಸತಿ ಸುಲೋಚನ’ವನ್ನು ತೆಗೆಯಲು ನಮ್ಮವರು ಕೊಲ್ಹಾಪುರಕ್ಕೆ ಹೋಗಬೇಕಾಗಿತ್ತು. ಅತ್ತ ಲಂಡನ್ನಿನ ಕ್ಯಾಮೆರಾ ಕಬಿನಿ ದಡಕ್ಕೆ ಬಂದಿತ್ತು. (ನಮ್ಮ ರಾಯಚೂರು ಸೀಮೆ ಆಗ ನಿಜಾಮರದು, ಎರಡೂ ಸುದ್ದಿ ನಮ್ಮೂರಿಗೆ ದೂರದವೇ.)

ಫ್ಲಾಹರ್ಟಿ ತಿಂಗಳುಗಟ್ಟಲೆ ತೆಗೆದರು, ಕಥೆ ಮಾತ್ರ ಮುಂದೆ ಸಾಗಲಿಲ್ಲ. ಕೊರ್ಡಾ ತಂಡವನ್ನು ವಾಪಸು ಕರೆಸಿಕೊಂಡು, ತಮ್ಮ ಜೋಲ್ತಾನರ ಕೈಯಲ್ಲಿ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮಿಕ್ಕ ದೃಶ್ಯಗಳನ್ನು ಮಾಡಿಸಿದರು. ಸಾಬು ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು, ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರು ನಿರ್ದೇಶಕರಿಗೂ ಸಂದಿತು.

ಈ ಹುಡುಗ ನಟಿಸಲಿಲ್ಲ, ಇದ್ದ ಹಾಗೇ ಇದ್ದ ಎನ್ನುವ ಮಾತು ಅವನ ಬಗ್ಗೆ ಬರೆದವರಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಗಳಿಕೆಯೇ ಸರಿ, ನನಗೆ ಒಪ್ಪಿಗೆಯಿಲ್ಲ. ಕಾಕನಕೋಟೆಯಲ್ಲಿ ಆನೆ ಏರಿದ್ದು ಅವನ ಬದುಕು ಅನ್ನೋಣ. ಆದರೆ ಸಾವಿರಾರು ಮೈಲಿ ದೂರದ ಸ್ಟುಡಿಯೋ ದೀಪದ ಕೆಳಗೆ, ಕಲಿತ ಇಂಗ್ಲಿಷಿನಲ್ಲಿ, ಅದೇ ಮುಖ ಅದೇ ಸಲುಗೆಯನ್ನು ಮುಂದುವರಿಸಿದ್ದು ಏನು? ಕಾಡಿನ ಶಾಟಿಗೂ ಸ್ಟುಡಿಯೋ ಶಾಟಿಗೂ ನಡುವಿನ ಹೊಲಿಗೆ ಎಲ್ಲೆಲ್ಲೋ ಕಾಣುತ್ತದೆ, ಹುಡುಗನಲ್ಲಿ ಮಾತ್ರ ಕಾಣುವುದಿಲ್ಲ. ಅದು ಕಸುಬು. ಬೇರೆಯವರಿಗೆ ಇದನ್ನು ಪ್ರತಿಭೆ ಅನ್ನುತ್ತೇವೆ, ಮಾವುತನ ಮಗನಿಗಾದರೆ ಸಹಜ ಸ್ವಭಾವ ಅಂದುಬಿಡುತ್ತೇವೆ.

ಮುಂದಿನ ಪಾತ್ರಗಳು ಅದೇ ಚೌಕಟ್ಟಿನವು. 1938ರ ‘ದ ಡ್ರಮ್’ನಲ್ಲಿ ಬ್ರಿಟಿಷರಿಗೆ ನೆರವಾಗುವ ರಾಜಕುಮಾರ, ಆ ಚಿತ್ರದ ವಿರುದ್ಧ ಬೊಂಬಾಯಿ, ಮದ್ರಾಸಿನಲ್ಲಿ ಪ್ರತಿಭಟನೆಗಳಾದವು. ಹದಿನಾಲ್ಕರ ಹುಡುಗ ಸಾಮ್ರಾಜ್ಯದ ಪರ ನಿಂತ ಅನ್ನುವುದಕ್ಕಿಂತ, ಸಿಕ್ಕ ಪಾತ್ರ ಮಾಡಿದ ಅನ್ನುವುದೇ ಸರಿ. 1940ರಲ್ಲಿ ‘ದ ಥೀಫ್ ಆಫ್ ಬಗ್ದಾದ್’, 1942ರಲ್ಲಿ ಮೋಗ್ಲಿ. 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧವಿಮಾನದ ಗನ್ನರ್ ಆಗಿ ಪದಕವನ್ನೂ ಗಳಿಸಿದ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಅವನನ್ನು ಯೋಚಿಸಿದ್ದರು, ಅದು ಕೂಡಿಬರಲಿಲ್ಲ. ಭಾರತದ ಒಂದು ಚಿತ್ರದಲ್ಲೂ ನಟಿಸದೆ 1963ರ ಡಿಸೆಂಬರಿನಲ್ಲಿ, 39ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಕಾಡಿನ ಒಂದಷ್ಟು ಭಾಗ ಕಬಿನಿ ಜಲಾಶಯದ ನೀರಿನಡಿ ಹೋಯಿತು.